ಉಪವಾಸವಿದ್ದ ಕಾರ್ಡು

“ಗುರುಗಳೇ, ಈ ಗುರುಕುಲದಲ್ಲಿ ನನ್ನಷ್ಟು ಓದಿದವರು ಇನ್ನೊಬ್ಬರಿಲ್ಲ. ಅದಕ್ಕೆ ನಾನು ಹೆಮ್ಮೆಪಟ್ಟರೆ ತಪ್ಪೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆಗಳ ವಿಡಿಯೋ ಮಾಡಿಕೊಡುವುದು ಅವನ ಕಸುಬು. ಊರಿನ ದೊಡ್ಡ ಮನೆತನವೊಂದು ಅವನಿಗೆ ಕೆಲಸ ಒಪ್ಪಿಸಿತು. ಮದುವೆಯಾದ ಐದನೆಯ ದಿನ ಬೀಗರೂಟ. ಅಂದೇ ಎಲ್ಲರೆದುರು ವಿಡಿಯೋ ತೋರಿಸಬೇಕು. ತೋರಿಸಿದರೆ ಊರಿನ ಮದುವೆಗಳೆಲ್ಲ ಅವನವು. ತಪ್ಪಿದರೆ ಒಂದೂ ಇಲ್ಲ. ಅವನ ಹಳೆಯ ಕಂಪ್ಯೂಟರಿಗೆ ಅಷ್ಟು ವೇಗವಿರಲಿಲ್ಲ.

ಬಿಡಿಭಾಗಗಳನ್ನು ಆರಿಸಿ ಕಂಪ್ಯೂಟರ್ ಜೋಡಿಸುವ ಹೆಂಗಸೊಬ್ಬಳು ಅದೇ ಊರಿನಲ್ಲಿದ್ದಳು. ಎಷ್ಟು ಕ್ಯಾಮೆರಾ, ಎಷ್ಟು ಗಂಟೆಯ ವಿಡಿಯೋ ಎಂದು ಕೇಳಿ ಅವಳು ಒಂದು ಪಟ್ಟಿ ಬರೆದುಕೊಟ್ಟಳು. ಅವನಿಗೆ ನಗು ಬಂತು.

“ಏನಮ್ಮಾ ಇದು? ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದು ಒಂದೂ ಇಲ್ಲವಲ್ಲ!”

“ನಿಮಗೆ ಬೇಕಿರುವುದು ಹೇಳಿಕೊಳ್ಳುವುದಕ್ಕೋ, ಕೆಲಸಕ್ಕೋ ಅಣ್ಣಾ?”

ಅವನು ಪಟ್ಟಿಯನ್ನು ಬೇರೆ ಅಂಗಡಿಗೆ ಒಯ್ದು ಎರಡು ಸಾಲು ತಿದ್ದಿದ. ವಿಡಿಯೋದ ಭಾರ ಹೊರುವ ಗ್ರಾಫಿಕ್ಸ್ ಕಾರ್ಡ್ ಇದ್ದುದರಲ್ಲೇ ದೊಡ್ಡದನ್ನು ಕೊಂಡ. ಆ ಖರ್ಚನ್ನು ಸರಿದೂಗಿಸಲು ಪವರ್ ಸಪ್ಲೈ ಅತಿ ಅಗ್ಗದ್ದನ್ನು ಹಾಕಿಸಿದ. ಅದು ಬರೀ ಕರೆಂಟ್ ಹಂಚುವ ಡಬ್ಬ ಎಂದುಕೊಂಡ. ಕಾರ್ಡಿನ ಖಾಲಿ ಪೆಟ್ಟಿಗೆಯನ್ನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿಟ್ಟ. ಬಂದವರೆಲ್ಲ ನೋಡಿ ಹೊಗಳಿದರು.

ಮದುವೆ ಮುಗಿಯಿತು. ಅವನು ವಿಡಿಯೋ ಜೋಡಿಸಿದ. ಕೊನೆಗೆ ಎಲ್ಲವನ್ನೂ ಒಂದಾಗಿಸಲು ಕಂಪ್ಯೂಟರಿಗೆ ಬಿಟ್ಟ. ಕಾಲುಭಾಗ ಆಗುವಷ್ಟರಲ್ಲಿ ಅದು ಆರಿಹೋಯಿತು. ಮತ್ತೆ ಹಾಕಿದ. ಮತ್ತೆ ಆರಿತು. ಬೀಗರೂಟಕ್ಕೆ ಒಂದೇ ದಿನ ಉಳಿದಿತ್ತು. ಅವನು ಕಂಪ್ಯೂಟರನ್ನು ಹೊತ್ತುಕೊಂಡು ಆ ಹೆಂಗಸಿನ ಅಂಗಡಿಗೆ ಬಂದ.

“ಈ ಕಾರ್ಡೇ ನನಗೆ ಮೋಸ ಮಾಡಿತು” ಎಂದ.

ಅವಳು ಮುಚ್ಚಳ ತೆಗೆದು ನೋಡಿದಳು. “ಕಾರ್ಡಿನದು ತಪ್ಪಿಲ್ಲ ಅಣ್ಣಾ. ಪೈಲ್ವಾನನನ್ನು ಕರೆತಂದು ಉಪವಾಸ ಕೆಡವಿದ್ದೀರಿ.”

ಆ ಕಾರ್ಡಿನ ಕರೆಂಟಿನ ಹಸಿವಿಗೆ ಅವಳ ಪಟ್ಟಿಯಲ್ಲಿದ್ದ ಪವರ್ ಸಪ್ಲೈ ಕೂಡ ಸಾಲುತ್ತಿರಲಿಲ್ಲ. ಇನ್ನೂ ದೊಡ್ಡದನ್ನು ಹಾಕಿದಳು. ವಿಡಿಯೋ ಅವಳ ಅಂಗಡಿಯಲ್ಲೇ ಓಡತೊಡಗಿತು. ಅರ್ಧ ದಾಟಿತು. ಮುಗಿಯಿತು. ಅವಳು ಕಂಪ್ಯೂಟರಿನ ಮೇಲೆ ಕೈಯಿಟ್ಟು, “ಈಗ ಇದರಲ್ಲಿ ಯಾವುದೂ ಇನ್ನೊಂದಕ್ಕಾಗಿ ಕಾಯುತ್ತಿಲ್ಲ” ಎಂದಳು. ಕುಸ್ತಿ ಗೆದ್ದವಳ ಹಾಗೆ ನಿಂತಿದ್ದಳು.

ಬೀಗರೂಟದ ದಿನ ಊರಿಗೆ ಊರೇ ವಿಡಿಯೋ ನೋಡಿತು. ಯಾವ ಕಾರ್ಡ್ ಎಂದು ಯಾರೋ ಕೇಳಿದರು. ಫೋಟೋಗ್ರಾಫರ್ ಕಾರ್ಡಿನ ಮಾತೆತ್ತಲಿಲ್ಲ. ಆ ಹೆಂಗಸಿನ ಅಂಗಡಿಯ ದಾರಿ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ನಾನು ಹೆಮ್ಮೆಪಡಬಾರದೇ?” ಎಂದ ಶಿಷ್ಯ.

“ಧಾರಾಳವಾಗಿ ಪಡು. ಅದಕ್ಕೆ ಮೊದಲು, ನೀನು ಇಲ್ಲಿ ಓದಿದಷ್ಟು ದಿನವೂ ನಿನಗೆ ಅನ್ನ ಬೇಯಿಸಿದವನ ಹೆಸರು ಹೇಳು.”

ಶಿಷ್ಯ ಹೆಸರು ಕೇಳಿಕೊಂಡು ಬರಲು ಅಡುಗೆಮನೆಯ ಕಡೆ ನಡೆದ.