ಬರಿದಾಗಿ ಬಂದ ಗಂಗಾಳ

“ಅಪ್ಪಾರೆ, ಉಂಡವರು ಒಂದು ಒಳ್ಳೆಯ ಮಾತನ್ನೂ ಆಡದೆ ಎದ್ದು ಹೋಗುತ್ತಾರೆ. ಇಂಥವರಿಗೆ ದಿನಾ ಬಡಿಸಿ ನನಗೇನು ಬಂತು?” ಎಂದು ಶಿಷ್ಯ ಕೇಳಿದ.

ಮಠದ ದಾಸೋಹದಲ್ಲಿ ಬಡಿಸುವ ಕೆಲಸ ಅವನದು. ಮಧ್ಯಾಹ್ನದ ಪಂಕ್ತಿ ಆಗಷ್ಟೇ ಎದ್ದಿತ್ತು. ಸಾರಿನ ಸೌಟು ಇನ್ನೂ ಅವನ ಕೈಯಲ್ಲೇ ಇತ್ತು, ಮುಖ ಮಾತ್ರ ಊದಿತ್ತು.

ಗುರುಗಳು ನಕ್ಕರು. “ಬಾ, ಕೂಡು. ಸೌಟು ಕೆಳಗಿಡಬೇಡ, ಕೈಯಲ್ಲೇ ಇರಲಿ. ನಿಂಬೆವ್ವ ಎಂಬ ಹೆಣ್ಣುಮಗಳ ಕತೆ ಹೇಳುತ್ತೇನೆ. ಪರದೇಶದಲ್ಲಿ ಪಟ್ಟ ಪಾಡನ್ನು ಆಕೆ ಇದೇ ಕಟ್ಟೆಯ ಮೇಲೆ ಕೂತು ಹೇಳಿದಳು. ಹೇಳುತ್ತಾ ನಕ್ಕಳು, ನಗುತ್ತಾ ಅತ್ತಳು” ಎಂದು ಶುರು ಮಾಡಿದರು.

ನಿಂಬೆವ್ವ ಸೊಸೆಯಾಗಿ ಬಂದ ವರ್ಷವೇ ಅತ್ತೆ ಆಕೆಗೊಂದು ನೇಮ ಹಾಕಿಕೊಟ್ಟಿದ್ದಳು. ದಿನದ ಮೊದಲ ರೊಟ್ಟಿ ಹೊರಗಿನವರಿಗೆ. ಅವರು ಅದನ್ನು ಮುರಿದು ಬಾಯಿಗಿಟ್ಟ ಮೇಲೆಯೇ ಮನೆಯವಳ ಊಟ. “ಶಿವ ಹೇಳಿ ಕೇಳಿ ಬರಾಂವಲ್ಲವ್ವಾ. ಹೊರಗಿನವರ ಹಸಿವಿನಾಗ ಬರ್ತಾನ” ಎಂದಿದ್ದಳು ಅತ್ತೆ.

ಊರಲ್ಲಿ ಇದೇನು ದೊಡ್ಡ ಮಾತಲ್ಲ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಜಂಗಮ ಬರುತ್ತಿದ್ದ, ಬಳೆಗಾರ ಬರುತ್ತಿದ್ದ. ಅವರಾರೂ ಇಲ್ಲವೆಂದರೆ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತಾ ಯಾರಾದರೂ ಬಂದೇ ಬರುತ್ತಿದ್ದರು. ಎಮ್ಮೆ ಸಿಗದಿದ್ದರೂ ಅವರಿಗೆ ರೊಟ್ಟಿಯಂತೂ ಸಿಗುತ್ತಿತ್ತು.

ಹೀಗಿರುವಾಗ ಆಕೆಯ ಗಂಡ ಗುರುಸಂಗಪ್ಪನಿಗೆ ಪರದೇಶದಲ್ಲಿ ಕೆಲಸ ಸಿಕ್ಕಿತು. ಚಳಿನಾಡು. ಗಾಜಿನ ಮನೆಯೊಳಗೆ ಟೊಮೆಟೊ ಬೆಳೆಯುವ ತೋಟ. ಹೊರಗೆ ಹಿಮ, ಒಳಗೆ ಕಾಯಿ. ನಿಂಬೆವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ವಿಭೂತಿ, ರೊಟ್ಟಿ ಹಂಚು, ಹಿಡಿಸಿದಷ್ಟು ಜೋಳದ ಹಿಟ್ಟು, ತವರಿನವರು ಕೊಟ್ಟ ಗಂಗಾಳವೆಂಬ ಹಿತ್ತಾಳೆಯ ಊಟದ ತಟ್ಟೆ ಇಷ್ಟನ್ನೂ ಗಂಟು ಕಟ್ಟಿ ಗಂಡನ ಹಿಂದೆ ಹೊರಟಳು.

ಅಲ್ಲಿ ಮೊದಲ ಬೆಳಿಗ್ಗೆ ಪೂಜೆ ಮುಗಿಸಿದಳು, ರೊಟ್ಟಿ ಬಡಿದಳು, ಬಾಗಿಲು ತೆರೆದಿಟ್ಟು ಕೂತಳು. ಯಾರೂ ಬರಲಿಲ್ಲ. ಆ ನಾಡಿನಲ್ಲಿ ಕರೆಯದೆ ಒಬ್ಬರ ಮನೆಗೆ ಒಬ್ಬರು ಕಾಲಿಡುವುದಿಲ್ಲ. ಜನ ತಲೆ ತಗ್ಗಿಸಿ ಸರಸರ ನಡೆದುಹೋದರು. ಚಳಿಗಾಳಿಯೊಂದೇ ಯಾವ ಸಂಕೋಚವೂ ಇಲ್ಲದೆ ಒಳಗೆ ಬಂದು ಕೂತಿತು.

ಮರುದಿನ ಬೀದಿಗೇ ಇಳಿದಳು. ಮಾತು ಬಾರದು. ಹೋಗುವವರನ್ನು ಕೈಬೀಸಿ ಕರೆದು, ಐದೂ ಬೆರಳು ಕೂಡಿಸಿ ಬಾಯಿಗೆ ತೋರಿಸಿದಳು. ಉಣ್ಣಲು ಬನ್ನಿ ಎಂದು ಆಕೆಯ ಅರ್ಥ. ಒಬ್ಬ ನಿಂತ. ಆಕೆಯನ್ನು ಮೇಲಿಂದ ಕೆಳಗೆ ನೋಡಿ, ಅಯ್ಯೋ ಪಾಪ ಎನ್ನುವ ಮುಖ ಮಾಡಿ, ತನ್ನ ಚೀಲದಿಂದ ಒಂದು ಬ್ರೆಡ್ಡು ತೆಗೆದು ಆಕೆಯ ಕೈಗಿಟ್ಟು ಹೋದ. ನೀಡಲು ನಿಂತವಳಿಗೇ ಭಿಕ್ಷೆ! ನಿಂಬೆವ್ವ ಬ್ರೆಡ್ಡು ಹಿಡಿದುಕೊಂಡು ಬೀದಿಯಲ್ಲೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆದರೆ ಅದರಲ್ಲಿ ಒಂದು ಚೂರನ್ನೂ ಬಾಯಿಗಿಡಲಿಲ್ಲ. ನೇಮ ನೇಮವೇ.

ಗಂಡ ತನ್ನ ಜೊತೆಗಾರರನ್ನು ಯಾರನ್ನಾದರೂ ಕರೆತಂದ ದಿನ ಊಟ, ಇಲ್ಲದ ದಿನ ಹಾಲು ಹಣ್ಣು. ಹೀಗೆ ನಡೆಯಿತು. ಆಕೆ ಕಡ್ಡಿಯಾದಳು. ಕೈಬಳೆಗಳು ಮೊಳಕೈವರೆಗೂ ಜಾರತೊಡಗಿದವು.

ಗುರುಸಂಗಪ್ಪನಿಗೆ ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ತಾನೇ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಹೆಗಲ ಮೇಲೆ ಟವಲು ಹೊದ್ದು, ಬಾಗಿಲು ತಟ್ಟಿ, “ತಾಯೀ, ಭಿಕ್ಷಾ!” ಎಂದು ಕೂಗಿದ.

ನಿಂಬೆವ್ವ ಬಾಗಿಲು ತೆರೆದು ಸೊಂಟದ ಮೇಲೆ ಕೈ ಇಟ್ಟಳು. “ಮುಂದ ಹೋಗಪ್ಪಾ ಜಂಗಮಾ. ತಾಳಿ ಕಟ್ಟಿದ ಗಂಡ ಹೊರಗಿನಾಂವ ಹೆಂಗ ಆದೀಯೋ? ಶಿವನ ಕಣ್ಣಿಗೆ ಮಣ್ಣು ಹಾಕಾಕ ಬಂದೀಯೇನು?”

“ಹಂಗಾದ್ರ ಈ ನೇಮ ಬಿಡು, ಇಲ್ಲಾ ಊರಿಗೆ ನಡಿ. ನಿನ್ನ ಎಲುಬು ನೋಡ್ಕೋತ ಕೂಡಾಕ ನಾ ಮದುವಿ ಆಗಿಲ್ಲ” ಎಂದ ಗಂಡ. ಈ ಸಲ ಅವನ ದನಿಯಲ್ಲಿ ನಗೆ ಇರಲಿಲ್ಲ.

“ನೇಮ ಬಿಟ್ಟು ಇಲ್ಲಿರಾಕ ಒಲ್ಲೆ. ನಿಮ್ಮನ್ನ ಬಿಟ್ಟು ಅಲ್ಲಿರಾಕೂ ಒಲ್ಲೆ” ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡರಲ್ಲಿ ಒಂದು ಹೋಗಲೇಬೇಕಿತ್ತು. ಯಾವುದು ಹೋದರೂ ಆಕೆಗೆ ಉಳಿಯುವುದು ಅರ್ಧ ಬಾಳು.

ಆಗ ಆಕೆಗೊಂದು ಹಟ ಬಂತು. ಹೊರಗಿನವರು ಮನೆಗೆ ಬರದಿದ್ದರೇನು, ರೊಟ್ಟಿಗೆ ಕಾಲಿಲ್ಲವೇ? ಗಂಗಾಳದಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟು, ಮೇಲೆ ಬಿಳಿ ಬಟ್ಟೆ ಹೊದಿಸಿ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಅಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ಬಿಗಿದ ತುಟಿ, ಬಿಗಿದ ಮುಖ. ಮುದುಕಿ ಬಟ್ಟೆ ಸರಿಸಿ ಮೂಸಿದಳು. ಒಂದು ಚೂರು ಮುರಿದು ಬಾಯಿಗಿಟ್ಟಳು. ಗಂಗಾಳ ಒಳಗೆ ತೆಗೆದುಕೊಂಡು ಬಾಗಿಲು ಹಾಕಿದಳು. ನಿಂಬೆವ್ವ ಓಡಿಬಂದು ಹೊಟ್ಟೆ ತುಂಬ ಉಂಡಳು. ಜೋಳದ ರೊಟ್ಟಿ ಅಷ್ಟು ಸಿಹಿ ಎಂದು ಆಕೆಗೆ ಅದುವರೆಗೆ ಗೊತ್ತಿರಲಿಲ್ಲವಂತೆ.

ಸಂಜೆ ಬಾಗಿಲಾಚೆ ಗಂಗಾಳ ಬಂದು ಕೂತಿತ್ತು. ತೊಳೆದು ಒರೆಸಿ ಥಳಥಳ ಹೊಳೆಯುತ್ತಿತ್ತು. ಆದರೆ ಬರಿದು.

ನಿಂಬೆವ್ವ ಅದನ್ನು ತಿರುವಿ ತಿರುವಿ ನೋಡಿದಳು. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸುವುದುಂಟೇ? ಏನೂ ಇಲ್ಲದ ಬಡವಿಯೂ ಒಂದು ಚಿಟಿಕೆ ಸಕ್ಕರೆಯನ್ನೋ ಒಂದು ಚೂರು ಬೆಲ್ಲವನ್ನೋ ಇಟ್ಟು ಕಳಿಸುತ್ತಾಳೆ. ಬರಿದು ಪಾತ್ರೆ ಎಂದರೆ ಇನ್ನು ನಿನ್ನ ಸಹವಾಸ ಸಾಕು ಎಂದಂತೆ. ಆದರೂ ನೇಮಕ್ಕಾಗಿ ಮರುದಿನ ಒಯ್ದಳು. ಮತ್ತೆ ಬರಿದು. ಅದರ ಮರುದಿನವೂ ಬರಿದು. “ನಾಯಿಗೆ ಹಾಕಿದ್ರ ಬಾಲನಾದ್ರೂ ಅಲ್ಲಾಡಸ್ತಿತ್ತು” ಎಂದು ಗೊಣಗಿದಳು. ಗೊಣಗಿದ್ದಕ್ಕೆ ಕೆನ್ನೆ ಬಡಿದುಕೊಂಡು ಶಿವನಲ್ಲಿ ತಪ್ಪಾಯಿತೆಂದಳು. ಮರುದಿನ ಮತ್ತೆ ಗೊಣಗಿದಳು.

ಕೊನೆಗೆ, ಪಾಪ, ಗೊತ್ತಿಲ್ಲದವಳಿಗೆ ಕಲಿಸೋಣ ಎಂದುಕೊಂಡಳು. ರೊಟ್ಟಿಯ ಪಕ್ಕದಲ್ಲಿ ಒಂದು ಬೆಲ್ಲದ ಉಂಡೆ ಇಟ್ಟಳು. ಅದನ್ನು ಬೆರಳಿನಿಂದ ತೋರಿಸಿ, ಗಂಗಾಳ ತೋರಿಸಿ, ತನ್ನ ಮನೆ ತೋರಿಸಿದಳು. ಇದನ್ನಾದರೂ ಇಟ್ಟು ಕಳಿಸು ಮಹಾತಾಯಿ ಎಂದು. ಮುದುಕಿ ಎಲ್ಲ ತಿಳಿದವಳಂತೆ ತಲೆಯಾಡಿಸಿದಳು.

ಸಂಜೆ ಗಂಗಾಳ ಬಂತು. ಬರಿದು! ಬೆಲ್ಲವೂ ಸ್ವಾಹಾ.

ಗುರುಸಂಗಪ್ಪ ಬಿದ್ದು ಬಿದ್ದು ನಕ್ಕ. ನಿಂಬೆವ್ವ ನಗಲಿಲ್ಲ. “ನನ್ನ ಅನ್ನ ಇಲ್ಲಿ ಯಾರಿಗೂ ಬ್ಯಾಡ. ನನ್ನ ಊರಿಗೆ ಕಳಿಸಿಬಿಡ್ರಿ” ಎಂದಳು. ಗಂಡನ ನಗೆ ಅಲ್ಲೇ ನಿಂತಿತು.

ಮರುದಿನ ಆಕೆ ಪಕ್ಕದ ಮನೆಗೆ ಹೋಗಲಿಲ್ಲ. ಗಂಡನಿಗೆ ರಜೆಯಿತ್ತು. ಅವನೂ ಮನೆಯಲ್ಲೇ ಇದ್ದ. ಆಕೆ ಹಂಚನ್ನು ತೊಳೆದು ಗಂಟಿಗೆ ಕಟ್ಟತೊಡಗಿದಳು.

ಬಾಗಿಲು ಬಡಿದ ಸದ್ದಾಯಿತು.

ಆ ನಾಡಿಗೆ ಬಂದ ಮೇಲೆ ಕರೆಯದೆ ಹೊರಗಿನವರಾರೂ ಆ ಬಾಗಿಲು ಬಡಿದಿರಲಿಲ್ಲ. ನಿಂಬೆವ್ವ ತೆರೆದಳು. ಹೊರಗೆ ಮುದುಕಿ. ಮೈತುಂಬ ಉಣ್ಣೆಯ ಕೋಟು, ತಲೆಯ ಮೇಲೆ ಹಿಮ, ಕೈಯಲ್ಲಿ ತನ್ನದೇ ಮನೆಯ ಪಿಂಗಾಣಿ ತಟ್ಟೆ. ಅದೂ ಬರಿದು. ಮುದುಕಿ ಏನೋ ಕೇಳಿದಳು. ಗುರುಸಂಗಪ್ಪನಿಗೆ ಅಷ್ಟರಲ್ಲಿ ಅಲ್ಲಿಯ ಮಾತು ಬರುತ್ತಿತ್ತು. “ಇವತ್ತ ಯಾಕ ಬರಲಿಲ್ಲ, ಹಸದು ಕಾಯಾಕತ್ತೀನಿ ಅಂತಾಳ” ಎಂದ.

“ಅಲ್ಲಾ, ದಿನಾ ಬರಿದು ಗಂಗಾಳ ಯಾಕ ಕಳಸ್ತಿದ್ಲು, ಅದನ್ನ ಮೊದಲ ಕೇಳ್ರಿ” ಎಂದಳು ನಿಂಬೆವ್ವ.

ಅವನು ಕೇಳಿದ. ಮುದುಕಿ ಕಣ್ಣರಳಿಸಿದಳು. “ನಮ್ಮಲ್ಲಿ ಉಂಡ ತಟ್ಟೆಯಲ್ಲಿ ಏನಾದರೂ ಇಟ್ಟು ಕಳಿಸಿದರೆ ಋಣ ತೀರಿತು, ಇನ್ನು ಬೇಡ ಎಂದರ್ಥ. ಈಕೆಯ ಋಣ ತೀರಿಸಲು ನನಗೆ ಮನಸ್ಸಿಲ್ಲ” ಎಂದಳು.

ಗಂಡ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನಿಂಬೆವ್ವ ಗಂಟು ಬಿಚ್ಚಿ ಹಂಚು ಒಲೆಯ ಮೇಲಿಟ್ಟಿದ್ದಳು. ಮುದುಕಿಯ ಕೈ ಹಿಡಿದು ಒಳಗೆಳೆದು ಕೂರಿಸಿದಳು. ಕಾಲಿಗೆ ಬೀಳಲು ಬಗ್ಗಿದಳು. ಬೂಟಿನ ದಾರ ಬಿಚ್ಚಲು ಬಂದಳೆಂದುಕೊಂಡು ಮುದುಕಿ ಕಾಲು ಮುಂದಕ್ಕೆ ಚಾಚಿದಳು. ನಿಂಬೆವ್ವ ನಮಸ್ಕಾರವನ್ನೂ ಮಾಡಿದಳು, ದಾರವನ್ನೂ ಬಿಚ್ಚಿದಳು. ಮೊದಲ ರೊಟ್ಟಿ ಉಬ್ಬಿ ಬಂತು. ಮುದುಕಿ ಬೆರಳು ಸುಟ್ಟುಕೊಂಡು, ಊದಿಕೊಂಡು ತಿಂದಳು. ತಿಂದು ಮುಗಿಸಿ ತಟ್ಟೆಯನ್ನು ಮತ್ತೆ ಮುಂದಕ್ಕೆ ಹಿಡಿದಳು. ಬಿಗಿದ ಆ ತುಟಿ ನಗಬಲ್ಲದೆಂದು ನಿಂಬೆವ್ವ ನೋಡಿದ್ದು ಆಗಲೇ.

ಊರಿಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಅಂದಿನಿಂದ ದಿನಾ ಬಾಗಿಲು ಬಡಿಯುವ ಸದ್ದು. ಕೆಲವು ದಿನ ಮುದುಕಿ ಬೀದಿಯ ಇನ್ನೊಬ್ಬರನ್ನೂ ಕರೆತರುತ್ತಿದ್ದಳು, ಅವರ ಕೈಯಲ್ಲೂ ಬರಿದು ತಟ್ಟೆ. ನಿಂಬೆವ್ವನ ಬಳೆಗಳು ಮತ್ತೆ ಮಣಿಕಟ್ಟಿಗೇ ಬಿಗಿಯಾದವು. ಎಷ್ಟೋ ಕಾಲದ ಮೇಲೆ ಊರಿಗೆ ಮರಳುವಾಗ ಆಕೆ ಆ ಗಂಗಾಳವನ್ನು ಮುದುಕಿಯ ಮನೆಯಲ್ಲೇ ಬಿಟ್ಟುಬಂದಳು. ಅದರಲ್ಲಿ ಏನನ್ನೂ ಇಡಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತ್ತು. “ತಿಳಿಯಿತು ಅಪ್ಪಾರೆ. ಸುಮ್ಮನೆ ಎದ್ದು ಹೋಗುವವರು ನನ್ನ ಋಣ ಇಟ್ಟುಕೊಂಡೇ ಹೋಗುತ್ತಾರೆ, ಅಲ್ಲವೇ?” ಎಂದ.

“ಅವರ ಋಣ ಹಾಗಿರಲಿ ತಮ್ಮಾ, ನಾಳೆ ಪಂಕ್ತಿಗೆ ಒಬ್ಬರೂ ಬಾರದೆ ಹೋದರೆ ಆ ಸೌಟು ಹಿಡಿದು ನೀನು ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತೀ?” ಎಂದರು ಗುರುಗಳು.