ಚಿಗರಿ ಹರಿದ ಕೌದಿ

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿ ಇದ್ದವರು ಮೂವರು: ಎಂಬತ್ತು ದಾಟಿದ ಅಡವಯ್ಯಜ್ಜ, ಅವರ ಶಿಷ್ಯ ಚಂದಯ್ಯ, ಅಡುಗೆಯ ನೀಲವ್ವ. ಜೊತೆಗೆ ಚಿಗರಿ ಎಂಬ ಕಂದು ನಾಯಿ. ಮರಿಯಿದ್ದಾಗ ಯಾರೋ ಹೊಳೆಯ ಹತ್ತಿರ ಬಿಟ್ಟು ಹೋಗಿದ್ದರು, ಚಂದಯ್ಯ ಎತ್ತಿಕೊಂಡು ಬಂದಿದ್ದ.

ಅವನು ಕಣ್ಣೆದುರಿಗಿದ್ದರೆ ಚಿಗರಿಯಂಥ ಸಾಧು ಪ್ರಾಣಿ ಇನ್ನೊಂದಿಲ್ಲ. ಅವನು ಅದನ್ನು ಒಳಗೆ ಕೂಡಿಹಾಕಿ ಊರೊಳಗೆ ಭಿಕ್ಷೆಗೆ ಹೊರಟನೋ, ಮುಗಿಯಿತು. ಒಂದು ದಿನ ಚಾಪೆ ಹರಿಯಿತು. ಇನ್ನೊಂದು ದಿನ ದಿಂಬಿನ ಅರಳೆ ಮಠದ ತುಂಬ ಹಾರಾಡಿತು. ಬಾಗಿಲ ಪರದೆಯಂತೂ ನೂಲು ನೂಲಾಯಿತು.

ಕೊನೆಗೆ ಗದ್ದುಗೆಯ ಮೇಲಿನ ಕೌದಿಗೂ ಬಾಯಿ ಹಾಕಿತು. ಸುತ್ತಲಿನ ಹಳ್ಳಿಗಳ ಹೆಂಗಸರು ತಮ್ಮ ಸೀರೆಯ ತುಂಡು ಕೊಟ್ಟು ಹೊಲಿಸಿದ ಕೌದಿ ಅದು.

ನೀಲವ್ವ ಕೌದಿಯನ್ನು ಅಜ್ಜನ ಮುಂದೆ ಹರವಿದಳು. "ಇದೇನ್ ನಾಯಿನೋ ಹೆಗ್ಗಣಾನೋ? ಅಮಾಸಿಗೆ ಮಂದಿ ಬರ್ತಾರ, ಇದನ್ನ ತೋರಸೂನೇನ್ರಿ? ನಾ ಹೊಲದು ಕೊಡ್ತೀನಿ. ಆದ್ರ ಇನ್ನೊಮ್ಮೆ ಹರೀತೋ, ಅಂಬಿಗನ ಕೈಯಾಗ ಆಚಿ ದಂಡಿಗೆ ಕಳಸೂದ ಸೈ."

"ಆತು," ಎಂದರು ಅಜ್ಜ.

ಚಂದಯ್ಯ ಲಗುಬಗೆಯಿಂದ ಮುಂದೆ ಬಂದ.

"ಅಜ್ಜಾರ, ನಾ ದಿನಾ ಹೇಳೇ ಹೋಗ್ತೀನ್ರಿ. ಅದರ ಹಣಿಗೆ ವಿಭೂತಿ ಹಚ್ಚಿ, ನಿಮ್ಮ ಆಣಿ ಹಾಕಿ, ಹರಿಬ್ಯಾಡ, ಅಳಬ್ಯಾಡ, ಲಗೂನ ಬರ್ತೀನಿ ಅಂತ ಮೂರು ಸಲ ಹೇಳ್ತೀನ್ರಿ."

"ಬಂದ ಮ್ಯಾಲ?"

"ಹರಿದದ್ದು ನೋಡಿ ಎರಡು ಏಟು ಹಾಕ್ತೀನ್ರಿ. ಆಮ್ಯಾಲ ಅಪ್ಪಿಕೊಂಡು ಅಳ್ತೀನ್ರಿ."

ಅಜ್ಜನಿಗೆ ನಗು ಬಂತು. "ಇಷ್ಟೆಲ್ಲಾ ಯಾಕಪಾ?"

ಚಂದಯ್ಯ ತಲೆ ತಗ್ಗಿಸಿದ. "ನಮ್ಮಪ್ಪ ನನ್ನ ಇಲ್ಲಿ ಬಿಟ್ಟು ಹೋಗುವಾಗ ಒಂದು ಮಾತೂ ಹೇಳಲಿಲ್ರಿ. ನಾ ಯಾರಿಗೂ ಹಂಗ ಮಾಡಬಾರದು ಅಂತ."

ಅಜ್ಜನ ನಗು ನಿಂತಿತು. ಅಪ್ಪ ಬಿಟ್ಟು ಹೋದಾಗ ಚಂದಯ್ಯನಿಗೆ ಏಳು ವರ್ಷ. ಈಗ ಮೂವತ್ತು ದಾಟಿದೆ. ಆದರೂ ಅಜ್ಜ ಹರಿಗೋಲು ಹತ್ತಿ ಆಚೆ ದಂಡೆಗೆ ಹೋದರೆ ಅವರು ಮರಳುವ ತನಕ ಅವನು ಉಣ್ಣುತ್ತಿರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ಕಲ್ಲಿನ ಸಂದಿಯ ಹುಲ್ಲನ್ನೆಲ್ಲ ಕಿತ್ತು ಹಾಕುತ್ತಿದ್ದ.

"ಜೋಳಿಗಿ ತಗೋ," ಎಂದರು ಅಜ್ಜ.

ಚಂದಯ್ಯ ಗೂಟದ ಮೇಲಿನ ಜೋಳಿಗೆಗೆ ಕೈ ಹಾಕಿದ. ಮಲಗಿದ್ದ ಚಿಗರಿ ದಡಬಡಿಸಿ ಎದ್ದಿತು. ಬಾಲ ಮುದುರಿಕೊಂಡು ಗಡಗಡ ನಡುಗತೊಡಗಿತು.

"ನೋಡಿದೇನು? ನೀ ಇನ್ನೂ ಹೊಸ್ತಿಲಾ ದಾಟಿಲ್ಲ. ಜೋಳಿಗಿ ಹಾಕ್ಕೊಂಡು ಇಲ್ಲೇ ಕೂಡು."

"ಭಿಕ್ಷಾಕ್ಕ ಹೋಗೂದ್ರಿ?"

"ಕೂಡು."

ಅವತ್ತು ಚಂದಯ್ಯ ಜೋಳಿಗೆ ಹಾಕಿಕೊಂಡೇ ಕಸ ಗುಡಿಸಿದ, ಜೋಳಿಗೆ ಹಾಕಿಕೊಂಡೇ ನುಚ್ಚು ಉಂಡ. ನೀಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಸಂಜೆಯ ಹೊತ್ತಿಗೆ ಚಿಗರಿ ಜೋಳಿಗೆಯತ್ತ ನೋಡುವುದನ್ನೇ ಬಿಟ್ಟಿತು.

ಮರುದಿನ ಅಜ್ಜ ಹೇಳಿದರು, "ಬಾಗಿಲಾ ಹಾಕ್ಕೊಂಡು ಹೊರಗ ಹೋಗು, ಒಳಗ ಬಾ. ವಿಭೂತಿ ಬ್ಯಾಡ, ಆಣಿ ಬ್ಯಾಡ. ಬಂದು ಬಡೀಬ್ಯಾಡ, ಅಪ್ಪಿಕೋಬ್ಯಾಡ."

ಹತ್ತು ಸಲ ಹೋದ, ಹತ್ತು ಸಲ ಬಂದ. ಆಮೇಲೆ ಬೇವಿನ ಮರದ ತನಕ. ಆಮೇಲೆ ಹೊಳೆಯ ತನಕ. ಅಜ್ಜ ತಮ್ಮ ಹಳೆಯ ಧೋತರದ ತುಂಡಿನಲ್ಲಿ ಒಣಕೊಬ್ಬರಿ ಕಟ್ಟಿ ಚಿಗರಿಯ ಮುಂದೆ ಇಟ್ಟರು. "ಹಲ್ಲಿಗೂ ಒಂದು ಕೆಲಸ ಬೇಕಲ್ಲ," ಎಂದರು.

ಐದನೆಯ ದಿನ ಚಂದಯ್ಯನಿಗೆ ತಡೆಯಲಾಗಲಿಲ್ಲ. "ಹೇಳದ ಹೋಗೂದು ನನ್ನ ಕೈಲೆ ಆಗೂದಿಲ್ರಿ ಅಜ್ಜಾರ. ನಮ್ಮಪ್ಪ ಮಾಡಿದ್ದನ್ನ ನಾನೂ ಮಾಡಿಧಂಗ ಆಗ್ತೈತಿ."

"ಹೇಳದ ಹೋಗಿದ್ದಕ್ಕ ಅಲ್ಲಪಾ ನಿನಗ ನೋವಾಗಿದ್ದು. ತಿರುಗಿ ಬರಲಿಲ್ಲಲ್ಲ, ಅದಕ್ಕ."

ಚಂದಯ್ಯ ಎದ್ದು ಮತ್ತೆ ಬಾಗಿಲ ಹೊರಗೆ ಹೋದ, ಮತ್ತೆ ಬಂದ.

ಅಮಾವಾಸ್ಯೆಯ ಹಿಂದಿನ ದಿನ ಹೊಲಿದ ಕೌದಿ ಗದ್ದುಗೆಯ ಮೇಲೆ ಬಂತು.

"ಇವತ್ತ ಊರಾಗ ಹೋಗಿ ಬಾ," ಎಂದರು ಅಜ್ಜ. ನೀಲವ್ವ ಅಂಬಿಗನಿಗೆ ದಂಡೆಯಲ್ಲೇ ಕಾಯಲು ಹೇಳಿ ಬಂದಳು, ಆಮೇಲೆ ಅವಳೂ ಅಜ್ಜನೂ ಹೊರಗಿನ ಕಟ್ಟೆಯ ಮೇಲೆ ಕೂತರು.

ಚಂದಯ್ಯ ಏನೂ ಹೇಳದೆ ಬಾಗಿಲು ಎಳೆದು ಚಿಲಕ ಹಾಕಿ ಹೊರಟ. ತಿರುಗಿ ನೋಡಲಿಲ್ಲ. ಅವತ್ತು ಊರಿನ ಓಣಿಗಳು ಮುಗಿಯಲೇ ಒಲ್ಲವು. ಮಧ್ಯಾಹ್ನ ಓಡುತ್ತಲೇ ಬಂದ. ಚಿಲಕ ತೆಗೆದ.

ಕೌದಿ ಇದ್ದಂತೆಯೇ ಇತ್ತು. ಗದ್ದುಗೆಯ ಕೆಳಗೆ ಚಿಗರಿ ಧೋತರದ ಗಂಟನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಮಲಗಿತ್ತು. ಒಂದು ಕಣ್ಣು ತೆರೆದು ಅವನನ್ನು ನೋಡಿತು, ಬಾಲವನ್ನು ಎರಡು ಸಲ ನೆಲಕ್ಕೆ ಬಡಿಯಿತು, ಮತ್ತೆ ಕಣ್ಣು ಮುಚ್ಚಿತು.

ಅಜ್ಜ ಒಳಗೆ ಬಂದು ಚಂದಯ್ಯನ ಜೊತೆ ಕೂತರು. ನೀಲವ್ವ ಕೌದಿಯನ್ನು ನೋಡಿ ಹೊಳೆಗೆ ಹೋಗಿ ಅಂಬಿಗನನ್ನು ಕಳಿಸಿ ಬಂದಳು.

ಚಂದಯ್ಯನಿಗೆ ಸಂತೋಷವಾಯಿತು, ಹಿಂದೆಯೇ ಕಣ್ಣು ತುಂಬಿ ಬಂತು. "ಎದ್ದು ಬರಲೂ ಇಲ್ಲಲ್ರಿ ಅಜ್ಜಾರ. ನನ್ನ ಮರೀತೇನ್ರಿ?"

"ಮರ್ತಿಲ್ಲಪಾ. ಇವತ್ತ ನಿನ್ನ ನಂಬೇತಿ."

ಹೀಗೆಂದು ಅಜ್ಜ ಮೂಲೆಯಲ್ಲಿದ್ದ ತಮ್ಮ ಕೋಲಿಗೆ ಕೈ ಚಾಚಿದರು.

ಚಂದಯ್ಯ ದಡಬಡಿಸಿ ಎದ್ದು ನಿಂತ. "ಎಲ್ಲಿಗ್ರಿ? ಆಚಿ ದಂಡಿಗೇನ್ರಿ? ಯಾವಾಗ ಬರ್ತೀರಿ?"

ಅಜ್ಜ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅಲ್ಲಿಯೇ ಕೂತರು.

"ಎಲ್ಲಿಗೂ ಇಲ್ಲ, ಕೂಡು. ಚಿಗರೀದು ಮುಗೀತು. ಇನ್ನ ನಿಂದು ಸುರು."