ಇಪ್ಪತ್ತು ನಿಮಿಷದ ಗಾಡಿ

ಹೊಳೆಯ ದಂಡೆಯ ಆ ಸಣ್ಣ ಮಠಕ್ಕೆ ಜನ ಮಗಳ ಮದುವೆಯ ಮಾತು ಕೇಳಲು ಬರುತ್ತಿದ್ದರು. ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ಕೇಳಲು ಬರುತ್ತಿದ್ದರು. ಶಿವಪುತ್ರ ಯಾವ ಕಾರು ಕೊಳ್ಳಲಿ ಎಂದು ಕೇಳಲು ಬಂದ.

ಅವನು ಇಪ್ಪತ್ತು ವರ್ಷಗಳಿಂದ ಮಠದ ಗುರುಗಳ ಶಿಷ್ಯ. ಊರಿನ ಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದ. ಗುರುಗಳನ್ನು ಕೇಳದೆ ಅಂಗಡಿಯ ಬೋರ್ಡನ್ನೂ ಬದಲಿಸುವವನಲ್ಲ. ಇಂಥ ಭಕ್ತಿಯನ್ನು ಊರವರು ಹೊಗಳುತ್ತಾರೆ. ನನಗೆ ಅದನ್ನು ಕಂಡರೆ ಸ್ವಲ್ಪ ಭಯ.

ಗುರುಗಳ ಪಾದ ಮುಟ್ಟಿ, ಕೈಯಲ್ಲಿದ್ದ ಎರಡು ಕಾಗದಗಳನ್ನು ಅವರ ಮುಂದೆ ಹಾಸಿದ. ಎರಡರಲ್ಲೂ ಕಾರಿನ ಚಿತ್ರ.

“ಎರಡೂ ಒಂದ ಗಾಡಿ ಅಲ್ಲೇನೋ?” ಎಂದರು ಗುರುಗಳು.

“ಮೈ ಒಂದ ರೀ ಅಜ್ಜಾರ. ಏಳು ಸೀಟು, ಮನಿಮಂದಿಯೆಲ್ಲಾ ಕೂತು ಹೋಗೂವಂಥಾದ್ದು. ಎಂಜಿನ್ ಬ್ಯಾರೆ. ಇದು ಸಾದಾ. ಇದು ಜೋರಿಂದು.”

“ಜೋರು ಅಂದ್ರ?”

“ಸಾದಾ ಗಾಡಿ ನೂರರ ಸ್ಪೀಡ್ ಮುಟ್ಟಾಕ ಹನ್ನೊಂದು ಸೆಕೆಂಡ್ ತಗೋತೈತಿ. ಇದು ಏಳ ಸೆಕೆಂಡಿನ್ಯಾಗ ಮುಟ್ಟತೈತಿ. ಟೈರ್ ಅಗಲ. ಬ್ರೇಕೂ ಬ್ಯಾರೆ. ಒಂದು ಬಟನ್ ಐತಿ, ಒತ್ತಿದ್ರ ಗಾಡಿ ಮುಂದಕ್ಕ ಜಿಗೀತೈತಿ.”

“ಉಳಿದ ನಾಕು ಸೆಕೆಂಡಿನ್ಯಾಗ ಏನ್ ಮಾಡಾಂವ? ಬಣ್ಣಾ ಹಚ್ಚಾಂವೇನು?”

ಸುತ್ತ ಕೂತಿದ್ದವರು ನಕ್ಕರು. ಶಿವಪುತ್ರ ನಗಲಿಲ್ಲ. ಅವನ ಮುಖ ನೋಡಿ ಗುರುಗಳ ನಗೆಯೂ ನಿಂತಿತು.

“ನೀವೆಲ್ಲಾ ಪ್ರಸಾದಕ್ಕ ನಡೀರಿ,” ಎಂದು ಉಳಿದವರನ್ನು ಎಬ್ಬಿಸಿ ಕಳಿಸಿದರು.

ಇಬ್ಬರೇ ಉಳಿದ ಮೇಲೆ ಶಿವಪುತ್ರ ಹೇಳಿದ. “ನಾಕು ಸೆಕೆಂಡ್ ಅಲ್ರೀ ಅಜ್ಜಾರ. ಇಪ್ಪತ್ತು ನಿಮಿಷ.”

ಅವನ ಹಿರಿಯ ಮಗಳು ದಾನೇಶ್ವರಿ ತೀರಿಕೊಂಡು ಏಳು ತಿಂಗಳಾಗಿತ್ತು. ಒಂಬತ್ತು ವರ್ಷದ ಹುಡುಗಿ. ಮೊದಲಿನಿಂದಲೂ ದಮ್ಮು. ಒಂದು ಬೆಳಿಗ್ಗೆ ಉಸಿರು ಕಟ್ಟಿತೆಂದು ಮನೆಯ ಹಳೆಯ ಕಾರಿನಲ್ಲಿ ಜಿಲ್ಲೆಯ ದೊಡ್ಡ ದವಾಖಾನೆಗೆ ಒಯ್ದಿದ್ದರು. ಮುಟ್ಟುವಷ್ಟರಲ್ಲಿ ಮಗುವಿನ ತುಟಿ ನೀಲಿಯಾಗಿತ್ತು. ಇಷ್ಟು ಗುರುಗಳಿಗೂ ಗೊತ್ತಿತ್ತು. ಗೊತ್ತಿಲ್ಲದ ಒಂದು ಮಾತನ್ನು ಶಿವಪುತ್ರ ಈಗ ಹೇಳಿದ.

“ಡಾಕ್ಟರ್ ಅಂದ್ರು ರೀ, ‘ಇಪ್ಪತ್ತು ನಿಮಿಷ ಮೊದಲ ತಂದಿದ್ರ ಉಳಸ್ತಿದ್ವಿ’ ಅಂತ. ಅವತ್ತಿಂದ ಆ ಇಪ್ಪತ್ತು ನಿಮಿಷ ನನ್ನ ತಲ್ಯಾಗ ಕುಂತು ಬಿಟ್ಟಾವ. ಆ ಹಳೇ ಡಬ್ಬಿ ಎಳೀಲಿಲ್ರಿ. ಜೋರಿನ ಗಾಡಿ ಇದ್ದಿದ್ರ ನನ್ನ ಮಗಳು ಇರ್ತಿದ್ಲು.”

ಗುರುಗಳು ಆ ಎರಡು ಕಾಗದಗಳನ್ನು ಬದಿಗೆ ಸರಿಸಿದರು.

“ಈಗ ಸಣ್ಣಾಕಿಗೂ ದಮ್ಮು ಸುರು ಆಗೇತ್ರಿ. ಐದು ವರ್ಷ ಅಕಿಗೆ. ಅಕಿನ್ನೂ ಕಳಕೊಂಡು ನಾ ಬದುಕಾಂಗಿಲ್ಲ. ಮೂರು ಸಲ ಹೋಗಿ ಆ ಗಾಡಿ ಓಡಿಸಿ ನೋಡೀನಿ. ಶೋರೂಮಿನಾಂವ ಶುಕ್ರವಾರದೊಳಗ ಹೇಳ್ರಿ ಅಂದಾನ. ಸಾದಾ ಸಾಕೋ, ಜೋರಿಂದು ಬೇಕೋ, ನೀವು ಅಂದಂಗ.”

“ಇಪ್ಪತ್ತು ನಿಮಿಷದ ಮಾತು ಏಳು ತಿಂಗಳು ನನಗ್ಯಾಕ ಹೇಳಲಿಲ್ಲ?”

ಶಿವಪುತ್ರ ನೆಲ ನೋಡಿದ. “ನಿಮಗ್ಯಾಕ ನೋವು ಅಂತ ರೀ.”

“ಹಾಂ,” ಎಂದರು ಗುರುಗಳು. ಆ ದಿನ ಅವರು ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಆರು ಗಂಟೆಯೊಳಗೆ ಅವರು ಶಿವಪುತ್ರನ ಮನೆಯ ಮುಂದೆ ನಿಂತಿದ್ದರು. ಮಠದಿಂದ ಅಲ್ಲಿಗೆ ಐದು ಕಿಲೋಮೀಟರ್. ನಡೆದೇ ಬಂದಿದ್ದರು. ಭಕ್ತರ ಮನೆಗೆ ಕಾಲಿಡುವ ರೂಢಿ ಅವರಿಗಿರಲಿಲ್ಲ.

ಶಿವಪುತ್ರನ ಹೆಂಡತಿ ಕಸ್ತೂರಿ ಅಂಗಳ ಗುಡಿಸುತ್ತಿದ್ದಳು. ಗುರುಗಳನ್ನು ಕಂಡು ಸೆರಗು ಸರಿಮಾಡಿಕೊಂಡಳು. ನಮಸ್ಕಾರ ಮಾಡಲಿಲ್ಲ.

ಒಳಗಿಂದ ಓಡಿ ಬಂದ ಶಿವಪುತ್ರ ಅವಳನ್ನು ಗದರಿದ. “ಏ, ಪಾದಕ್ಕ ಬೀಳ!”

ಕಸ್ತೂರಿ ಒಳಗೆ ಹೋಗಿ ಒಂದು ಚೊಂಬು ನೀರು ತಂದಳು. “ಕುಡೀರಿ. ನಡದ ಬಂದೀರಿ,” ಎಂದಳು. ಅಷ್ಟೇ.

ಗುರುಗಳು ನಿಂತೇ ಕುಡಿದರು. ಪಡಸಾಲೆಯಲ್ಲಿ ಚಿಕ್ಕ ಮಗಳು ಮಲಗಿದ್ದಳು. ಅವಳ ಉಸಿರಿನಲ್ಲಿ ಸಣ್ಣ ಸಿಳ್ಳೆಯಿತ್ತು. ಅದು ಅಂಗಳಕ್ಕೂ ಕೇಳುತ್ತಿತ್ತು.

“ಸಿಟ್ಟಾಗಬ್ಯಾಡ್ರಿ ಅಜ್ಜಾರ,” ಎಂದ ಶಿವಪುತ್ರ. “ಮಗಳು ಹೋದಾಗಿಂದ ಅಕಿ ಹಿಂಗ. ಮಠಕ್ಕ ಬಾ ಅಂದ್ರೂ ಬರಂಗಿಲ್ಲ.”

“ನನಗ್ಯಾಕ ಸಿಟ್ಟು? ಹಳೇ ಗಾಡಿ ತಗಿ. ದವಾಖಾನಿಗೆ ಹೋಗಿ ಬರೂಣು.”

“ಯಾರಿಗೆ ಏನಾಗೇತ್ರೀ?”

“ನಿನ್ನ ಡಬ್ಬಿ ಎಷ್ಟು ತಡಾ ಮಾಡತೈತಿ ನೋಡೂಣಲ್ಲ. ದಿನಾ ಓಡಿಸಿದಂಗ ಓಡಿಸು. ನನ್ನ ಸಲುವಾಗಿ ಜೋರೂ ಬ್ಯಾಡ, ಸಾವಕಾಶೂ ಬ್ಯಾಡ.”

ಗುರುಗಳು ಮುಂದಿನ ಸೀಟಿನಲ್ಲಿ ಕೂತರು. ಸರಿಯಾಗಿ ಆರಕ್ಕೆ ಹೊರಟರು.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು. ಎದುರಿನಿಂದ ಬಸ್ಸು. ಶಿವಪುತ್ರ ಹಿಂದೆಯೇ ಉಳಿಯಬೇಕಾಯಿತು.

“ನೋಡ್ರಿ ಅಜ್ಜಾರ. ಜೋರಿಂದಿದ್ರ ಇದನ್ನ ಯಾವಾಗೋ ದಾಟಿ ಹೋಗಿರ್ತಿದ್ದೆ.”

ಬಸ್ಸು ಹೋಯಿತು. ಶಿವಪುತ್ರ ಟ್ರ್ಯಾಕ್ಟರನ್ನು ದಾಟಿದ.

“ಎಷ್ಟೊತ್ತು ಕಾಯ್ದಿ?”

“ಅರ್ಧಾ ನಿಮಿಷ ಅನ್ರಿ.”

ಮುಂದೆ ಒಂದು ಊರು. ಊರು ಅಂದಮೇಲೆ ರಸ್ತೆಗೆ ಅಡ್ಡ ಹಂಪು. ಒಂದಲ್ಲ, ಸಾಲಾಗಿ ಐದು. ಪ್ರತಿ ಹಂಪಿನಲ್ಲೂ ಗುರುಗಳ ತಲೆ ಕಾರಿನ ಚಾವಣಿಗೆ ತಾಗುವಂತಿತ್ತು.

“ಈ ಹಂಪು ಆ ಗಾಡಿಗೂ ಹಂಪ ಅಲ್ಲೇನೋ?”

“ಹೌದ್ರಿ.” ಮುಂದಿನ ಹಂಪು ದಾಟಿ ಶಿವಪುತ್ರನೇ ಸೇರಿಸಿದ. “ಅದರ ಗಾಲಿ ಸ್ಪ್ರಿಂಗ್ ಬಿಗಿ ಇರ್ತಾವಂತ. ಹಿಂದ ಕೂತವರಿಗೆ ಸ್ವಲ್ಪ ಹೆಚ್ಚಿಗೇ ಬಡೀತೈತಿ.”

“ಹಿಂದ ಯಾರು ಕೂಡತಾರ?”

“ಮಕ್ಕಳು,” ಎಂದವನು ತಡೆದು, “ಮಗಳು ರೀ,” ಎಂದ.

ಆಮೇಲೆ ಅವನು ಆ ಗಾಡಿಯ ಮಾತು ತೆಗೆಯಲಿಲ್ಲ.

ದವಾಖಾನೆಯ ಎದುರು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಗಡಿಯಾರ ನೋಡಿಕೊಂಡ. “ಐವತ್ತು ನಿಮಿಷ ಆತ್ರಿ.”

“ಜೋರಿಂದಿದ್ರ?”

“ನಲವತ್ತೈದು. ಭಾಳಂದ್ರ ನಲವತ್ತೆರಡಕ್ಕ ಮುಟ್ಟಬಹುದು.”

“ಅವತ್ತು ಮನಿ ಎಷ್ಟಕ್ಕ ಬಿಟ್ರಿ?”

“ಆರಕ್ಕ.”

“ಇಲ್ಲಿ ಎಷ್ಟಕ್ಕ ಮುಟ್ಟಿದ್ರಿ?”

ದವಾಖಾನೆಯ ಬಾಗಿಲಲ್ಲಿ ಆಟೋದಿಂದ ಒಬ್ಬ ಮುದುಕಿಯನ್ನು ಇಬ್ಬರು ಎತ್ತಿ ಇಳಿಸುತ್ತಿದ್ದರು. ಶಿವಪುತ್ರ ಅವರನ್ನೇ ನೋಡುತ್ತ ಕೂತ.

“ಕೇಳಿದ್ದು ಕೇಳಿಸ್ತಿಲ್ಲೋ?”

“ಏಳೂವರಿ ದಾಟಿತ್ತು ರೀ.”

“ಇದ ಗಾಡಿ?”

“ಇದ ಗಾಡಿ.”

“ಇದ ದಾರಿ?”

ಗುರುಗಳಿಗೆ ಉತ್ತರ ಗೊತ್ತಿತ್ತು. ಅದು ಶಿಷ್ಯನ ಬಾಯಿಂದ ಬರಲೆಂದು ಕಾದರು.

“ನಡುವ ಮಠದ ಕಡೆ ತಿರುಗಿಸಿದ್ದೆ ರೀ,” ಎಂದ ಅವನು ಕಡೆಗೆ. “ನಿಮ್ಮ ಆಶೀರ್ವಾದ ಇಲ್ಲದ ಮಗಳನ್ನ ಡಾಕ್ಟರ್ ಕೈಯಾಗ ಹ್ಯಾಂಗ ಕೊಡ್ಲಿ ಅಂತ.”

“ಪೂಜಿ ನಡದಿತ್ತು. ನೀ ಮಗಳನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಕಂಬದ ಹತ್ತಿರ ನಿಂತಿ. ‘ಅಜ್ಜಾರ, ಕೂಸಿಗೆ ಆರಾಮಿಲ್ಲ’ ಅಂದಿ. ನಾ ಏನಂದೆ?”

“ಬ್ಯಾಡ್ರಿ ಅಜ್ಜಾರ.”

“ಏನಂದೆ?”

“‘ಮಂಗಳಾರತಿ ಆಗಲಿ. ತೀರ್ಥ ಕೊಡತೀನಿ, ತಗೊಂಡು ಹೋಗ್ರಿ’ ಅಂದ್ರಿ.”

“ತಿರುಗಿ ಕೂಸಿನ ಮುಖಾ ನೋಡಿ ಅಂದ್ನೇನು?”

ಶಿವಪುತ್ರನ ದನಿ ಇಳಿದುಹೋಯಿತು. “ಇಲ್ರಿ. ನಿಮ್ಮ ಬೆನ್ನು ನಮ್ಮ ಕಡೆ ಇತ್ತು.”

“ಎಷ್ಟೊತ್ತು ನಿಂತಿ?”

“ನಲವತ್ತು ನಿಮಿಷ.”

ಕಾರಿನೊಳಗೆ ಬಿಸಿಲು ಬರತೊಡಗಿತ್ತು. ಗುರುಗಳು ಗಾಜು ಇಳಿಸಿದರು.

“ಕಸ್ತೂರಿ ಏನೂ ಅನ್ನಲಿಲ್ಲೇನು?” ಎಂದು ಕೇಳಿದರು.

“ಅಂದ್ಲು ರೀ. ಮಠದ ಕಡೆ ತಿರುಗಿಸುವಾಗ ಸ್ಟೇರಿಂಗ್ ಹಿಡದ್ಲು. ‘ಮೊದಲ ದವಾಖಾನಿ, ಆಮ್ಯಾಲ ಅಜ್ಜಾರು’ ಅಂದ್ಲು. ನಾ ಅಕಿ ಕೈ ಝಾಡಿಸಿ ಒಗದೆ. ಗುರುವಿನ ಹತ್ತಿರ ಹೋಗಾಕ ಅಡ್ಡ ಬರ್ತಿ ಅಂತ ಬೈದೆ. ಆ ನಲವತ್ತು ನಿಮಿಷ ಅಕಿ ಕಾರಿನ್ಯಾಗ ಕುಂತು ಹಾರ್ನ್ ಹೊಡೀತಿದ್ಲು.”

“ಅದು ನನಗ ಕೇಳಿಸಿತ್ತು,” ಎಂದರು ಗುರುಗಳು. “ಯಾರೋ ಪೂಜಿ ಕೆಡಸಾಕತ್ತಾರ ಅಂತ ಸಿಟ್ಟು ಬಂದಿತ್ತು.”

ಶಿವಪುತ್ರ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತ. ಏಳು ತಿಂಗಳು ಅವನು ಹಾಗೆ ಅತ್ತಿರಲಿಲ್ಲ. ಗುರುಗಳೂ ಅತ್ತರು. ಮಠದಲ್ಲಿ ಸಾವಿರ ಜನರ ದುಃಖ ಕೇಳಿದ ಮನುಷ್ಯ, ತನ್ನ ದುಃಖವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಿನಲ್ಲಿ ಕೈಯಿಟ್ಟುಕೊಂಡು ಕೂತಿದ್ದರು.

ಅಳು ಇಳಿದ ಮೇಲೆ ಗುರುಗಳು ಕೇಳಿದರು. “ಇಷ್ಟೆಲ್ಲಾ ಗೊತ್ತಿದ್ದು ಗಾಡಿ ಮ್ಯಾಲೆ ಯಾಕ ಹೊರಿಸಿದಿ?”

“ಗಾಡಿ ಮ್ಯಾಲೆ ಹೊರಿಸಿದ್ರ ಬ್ಯಾರೆ ಗಾಡಿ ಸಿಗತೈತ್ರಿ. ನಿಮ್ಮ ಮ್ಯಾಲೆ ಹೊರಿಸಿದ್ರ ನಾ ಎಲ್ಲಿಗೆ ಹೋಗ್ಲಿ?”

ಇಪ್ಪತ್ತು ವರ್ಷದಲ್ಲಿ ಶಿಷ್ಯನ ಒಂದು ಪ್ರಶ್ನೆಗೂ ಗುರುಗಳು ಉತ್ತರ ತಪ್ಪಿಸಿರಲಿಲ್ಲ. ಈಗ ದವಾಖಾನೆಯ ಬಾಗಿಲ ಕಡೆ ಮುಖ ತಿರುಗಿಸಿದರು.

“ತಪ್ಪು ನಿಮ್ಮದಲ್ರಿ,” ಎಂದ ಶಿವಪುತ್ರ, ಕಣ್ಣೊರೆಸಿಕೊಳ್ಳುತ್ತ. “ಅಕಿ ಆಯುಷ್ಯ ಅಷ್ಟ ಇತ್ತು ಅನ್ರಿ.”

“ನನ್ನ ಬಾಯಿಲೆ ಅನಸಬ್ಯಾಡ,” ಎಂದರು ಗುರುಗಳು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಶಿವಪುತ್ರ ಕೇಳಿರಲಿಲ್ಲ. “ಡಾಕ್ಟರ್ ಏನಂದಾರ? ಇಪ್ಪತ್ತು ನಿಮಿಷ. ನಾ ನಿಲ್ಲಿಸಿದ್ದು ನಲವತ್ತು. ಒಂದು ಸಲ ತಿರುಗಿ ನೋಡಿದ್ರ ಸಾಕಾಗಿತ್ತು. ಈ ತಪ್ಪು ನನ್ನದು. ಇದನ್ನ ನಿನ್ನ ಗಾಡಿಗೆ ಕಟ್ಟಬ್ಯಾಡ. ದೇವರಿಗೂ ಕಟ್ಟಬ್ಯಾಡ.”

ಹಿಂದಿರುಗುವಾಗ ಹಂಪುಗಳ ಮೇಲೆ ಕಾರು ಏರಿ ಇಳಿಯಿತು. ಕಬ್ಬಿನ ಟ್ರ್ಯಾಕ್ಟರುಗಳನ್ನು ಶಿವಪುತ್ರ ದಾಟಲೂ ಹೋಗಲಿಲ್ಲ.

ಮಠದ ದಾರಿ ಸೀಳುವ ಜಾಗ ಬಂತು. ಅವನ ಕೈ ತಾನಾಗಿಯೇ ಇಂಡಿಕೇಟರ್ ಹಾಕಿತು.

“ಒಳಗ ಬ್ಯಾಡ. ಇಲ್ಲೇ ನಿಲ್ಲಿಸು,” ಎಂದರು ಗುರುಗಳು.

ಅವರು ಇಳಿದರು. ಶಿವಪುತ್ರನೂ ಇಳಿದು ಬಂದು ಪಾದ ಮುಟ್ಟಲು ಬಗ್ಗಿದ. ಗುರುಗಳು ಕಾಲು ಹಿಂದಕ್ಕೆ ತೆಗೆದುಕೊಂಡರು. ಬಗ್ಗಿದವನು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದು ಎದ್ದು ನಿಂತ. ಎಲ್ಲ ಕೇಳಿ, ಎಲ್ಲ ಹೇಳಿ ಮುಗಿದ ಮೇಲೂ ಅವನಿಗೆ ಬೇರೆ ಯಾರನ್ನೂ ಕೇಳಿ ಗೊತ್ತಿರಲಿಲ್ಲ.

“ಶುಕ್ರವಾರ ಶೋರೂಮಿನಾಂವಗ ಏನ್ ಹೇಳ್ಲಿ ಅಜ್ಜಾರ? ಸಾದಾನೋ, ಜೋರಿಂದೋ?”

ಗುರುಗಳು ಅವನನ್ನು ನೋಡಿದರು. ಸಿಟ್ಟಿನಿಂದಲ್ಲ, ತುಂಬ ಸೋತು ನೋಡಿದರು.

“ಅದನ್ನ ಕಸ್ತೂರಿನ್ನ ಕೇಳು. ಯಾವ ಗಾಡಿ ಆದ್ರೂ ತಗೋ. ಸಣ್ಣಾಕಿಗೆ ಉಸಿರು ಕಟ್ಟಿದ ದಿನ ಮಾತ್ರ ಅದನ್ನ ಇಲ್ಲಿ ತಿರುಗಿಸಬ್ಯಾಡ.”